ಹೆಬ್ಬೆಟ್ಟಿನಷ್ಟು ಜಾಗ

ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಮೂರು ವಾರವಾಯಿತು. ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೆ ಹೋದರೂ ಜನರ ಕಣ್ಣು ಮೊದಲು ಅಲ್ಲಿಗೇ ಬೀಳುತ್ತದೆ. “ಏನ್ ಸಾರ್, ಗ್ಯಾಸ್ ಸಿಲಿಂಡರ್ ಬಿತ್ತಾ?” ಎಂದು ಹಾಲಿನ ಬೂತಿನ ಹುಡುಗ ಕೇಳಿದ. ಪಕ್ಕದ ಮನೆಯವರು ಗೇಟಿನ ಹತ್ತಿರ ಕರೆದು, ದನಿ ತಗ್ಗಿಸಿ, “ಶುಗರ್ ಒಂದ್ಸಲ ಚೆಕ್ ಮಾಡಿಸಿಬಿಡಿ” ಎಂದರು. ಓಡಿ ಓಡಿ ಹೀಗಾಯಿತು ಎಂದರೆ ಒಬ್ಬರೂ ನಂಬುವುದಿಲ್ಲ. ನನ್ನ ಹೊಟ್ಟೆಯನ್ನೊಮ್ಮೆ ನೋಡುತ್ತಾರೆ, ಉಗುರನ್ನೊಮ್ಮೆ ನೋಡುತ್ತಾರೆ, ಎರಡಕ್ಕೂ ತಾಳೆಯಾಗದೆ ಮಾತು ಬದಲಿಸುತ್ತಾರೆ.

ಐವತ್ನಾಲ್ಕನೆಯ ವಯಸ್ಸಿನಲ್ಲಿ ಓಡಬೇಕೆಂಬ ಆಸೆ ನನಗೆ ತಾನಾಗಿ ಹುಟ್ಟಿದ್ದಲ್ಲ. ರಕ್ತ ಪರೀಕ್ಷೆಯ ಕಾಗದ ನೋಡುತ್ತ ಡಾಕ್ಟರು, “ವಾಕಿಂಗ್ ಮಾಡ್ತೀರಾ?” ಅಂದರು. “ದಿನಾ” ಅಂದೆ. “ಮಾತಾಡ್ಕೊಂಡಾ, ಮಾತಾಡ್ದೇನಾ?” ಅಂದರು. ನಾನು ಸುಮ್ಮನಾದೆ. “ಮಧ್ಯೆ ಮಧ್ಯೆ ಸ್ವಲ್ಪ ಓಡಿ” ಎಂದು ಬರೆದೂ ಕೊಟ್ಟರು, ಮಾತ್ರೆಯ ಹೆಸರಿನ ಕೆಳಗೆ. ಬರೆದುಕೊಟ್ಟದ್ದನ್ನೆಲ್ಲ ಅಂಗಡಿಯಲ್ಲಿ ಕೊಂಡು ಅಭ್ಯಾಸವಾದ ನನಗೆ, ಓಟ ಎಂದೊಡನೆ ಹೊಳೆದದ್ದು ಷೂ. ವ್ಯಾಯಾಮದ ಸಾಮಾನು ಕೊಳ್ಳುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ. ಯೋಗಕ್ಕೆಂದು ತಂದ ಚಾಪೆಯ ಮೇಲೆ ನಮ್ಮ ತಾರಸಿಯಲ್ಲಿ ಈಗ ಸಂಡಿಗೆ ಒಣಗುತ್ತದೆ. ಎರಡು ಡಂಬೆಲ್‌ಗಳಲ್ಲಿ ಒಂದು ಹಿತ್ತಿಲ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಕಾಯುತ್ತಿದೆ. ಇನ್ನೊಂದು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಕೂತಿದೆ. ನಮ್ಮ ಮನೆಯಲ್ಲಿ ಯಾವುದೂ ಹಾಳಾಗುವುದಿಲ್ಲ.

ಷೂ ಕೊಂಡದ್ದು ಫೋನಿನಲ್ಲಿ, ರಾತ್ರಿ ಹನ್ನೆರಡಕ್ಕೆ ಮುಗಿಯುವ ರಿಯಾಯಿತಿ ಮಾರಾಟದಲ್ಲಿ, ಹನ್ನೊಂದು ಐವತ್ತಕ್ಕೆ. ಮೂವತ್ತು ಬಗೆ ತೋರಿಸಿತು. ಒಂದು ಮೋಡದ ಮೇಲೆ ನಡೆಸುತ್ತೇನೆ ಅನ್ನುತ್ತದೆ, ಇನ್ನೊಂದು ಹಿಂದಿನಿಂದ ತಳ್ಳುತ್ತೇನೆ ಅನ್ನುತ್ತದೆ. ಹಿಮ್ಮಡಿ ಮುಂಗಾಲಿಗಿಂತ ಇಷ್ಟು ಮಿಲಿಮೀಟರ್ ಎತ್ತರ, ಅದು ನಾಲ್ಕೇ, ಎಂಟೇ, ಹತ್ತೇ ಎಂದು ಆರಿಸಿಕೊಳ್ಳಬೇಕಂತೆ. ಜಾತಕ ನೋಡುವಾಗಲೂ ಇಷ್ಟು ಲೆಕ್ಕ ಕೇಳಿರಲಿಲ್ಲ. ಹತ್ತು ನಿಮಿಷದಲ್ಲಿ ಇದೆಲ್ಲ ತಲೆಗೆ ಹೋಗುವುದಿಲ್ಲವೆಂದು, ಮನುಷ್ಯನಿಗೆ ಖಚಿತವಾಗಿ ತಿಳಿಯುವ ಒಂದೇ ವಿಷಯವಾದ ಬಣ್ಣವನ್ನು ನೋಡಿ ಆರಿಸಿದೆ. ಗಿಳಿ ಹಸಿರು. ನಂಬರು ಎಂಟು. ಮೂವತ್ತು ವರ್ಷದಿಂದ ಆಫೀಸಿಗೆ ಎಂಟನೆಯ ನಂಬರಿನ ಕಪ್ಪು ಷೂನಲ್ಲೇ ಹೋಗಿದ್ದೇನೆ. ಪೆಟ್ಟಿಗೆ ಬಂತು, ಹಾಕಿ ನೋಡಿದೆ, ಎರಕ ಹೊಯ್ದ ಹಾಗೆ ಕೂತಿತು. ಬೆರಳು ಅಲ್ಲಾಡಿಸಲೂ ಜಾಗವಿಲ್ಲ. ನನಗೆ ಬಹಳ ಸಂತೋಷವಾಯಿತು.

ಬೆರಳು ಅಲ್ಲಾಡದಿದ್ದರೆ ಸಂತೋಷವೇಕೆ ಎಂದು ಕೇಳುವವರು ನನ್ನ ಅಪ್ಪನನ್ನು ನೋಡಿಲ್ಲ.

ಅಪ್ಪ ಹುಣಸೂರಿನಲ್ಲಿ ಮೇಷ್ಟರು. ಜೂನ್ ಮೊದಲ ವಾರ ನಮ್ಮನ್ನು ಕೆಂಪು ಬಸ್ಸಿನಲ್ಲಿ ಮೈಸೂರಿಗೆ ಕರೆತಂದು, ಸಯ್ಯಾಜಿರಾವ್ ರಸ್ತೆಯ ಒಂದು ಅಂಗಡಿಯಲ್ಲಿ ಸಾಲಾಗಿ ಕೂರಿಸುತ್ತಿದ್ದರು. ಬಿಳಿ ಕ್ಯಾನ್‌ವಾಸ್ ಷೂ, ವರ್ಷಕ್ಕೊಂದು ಜೊತೆ. ಅಂಗಡಿಯವನು ಕಾಲಿಗೆ ಸರಿಯಾದದ್ದನ್ನು ತೊಡಿಸಿ ದಾರ ಕಟ್ಟಿದರೆ ಅಪ್ಪ ಬಗ್ಗಿ, ಷೂನ ಮೂತಿಯನ್ನು ಹೆಬ್ಬೆಟ್ಟಿನಿಂದ ಒತ್ತುತ್ತಿದ್ದರು. ಮಾವಿನಹಣ್ಣು ಒತ್ತಿ ನೋಡುವ ಹಾಗೆ. ಒಳಗೆ ನನ್ನ ಬೆರಳು ಸಿಕ್ಕಿತೋ, ಕೆಟ್ಟೆ. “ಬೆಳೆಯೋ ಕಾಲು ಕಣಪ್ಪ, ಒಂದು ನಂಬರ್ ಮೇಲಕ್ಕೆ ಕೊಡು” ಎನ್ನುವರು. ಇನ್ನೊಂದು ಜೊತೆ, ಮತ್ತೆ ಹೆಬ್ಬೆಟ್ಟು. ಮೂತಿಯೊಳಗೆ ಅವರ ಹೆಬ್ಬೆಟ್ಟು ತಗ್ಗಿಗೆ ಇಳಿಯಬೇಕು, ಇಳಿದರೆ ಮಾತ್ರ ದುಡ್ಡು ಹೊರಗೆ ಬರುವುದು. “ಇನ್ನೆರಡು ವರ್ಷ ಬರುತ್ತೆ” ಎಂದು ಎದ್ದು ನಿಲ್ಲುತ್ತಿದ್ದರು. ಮನೆಗೆ ಬಂದ ಮೇಲೆ ಆ ತಗ್ಗಿಗೆ ಹಳೆಯ ಪ್ರಜಾವಾಣಿಯ ಹಾಳೆಯನ್ನು ಉಂಡೆ ಮಾಡಿ ತುರುಕುವುದು ಅಮ್ಮನ ಕೆಲಸ. ಶನಿವಾರದ ಬಿಳಿ ಯೂನಿಫಾರ್ಮಿಗೆಂದು ಅದಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಪಾಲಿಶ್ ಬಳಿಯುವುದು ನನ್ನ ಕೆಲಸ. ಪಾಲಿಶ್ ಮುಗಿದ ವಾರ ಶಾಲೆಯಿಂದ ಜೇಬಿಗಿಳಿಸಿದ ಸೀಮೆಸುಣ್ಣ. ಮೇಷ್ಟರ ಮಗನಾದ್ದರಿಂದ ಅದನ್ನು ಕಳ್ಳತನ ಅಂತ ಯಾರೂ ಅಂದಿರಲಿಲ್ಲ.

ನಾಲ್ಕನೆಯ ತರಗತಿಯ ಆಟದ ದಿನ ನೂರು ಮೀಟರ್ ಓಟಕ್ಕೆ ನಿಂತಿದ್ದೆ. ಸೀಟಿ ಊದಿದರು. ಅರ್ಧ ದಾರಿಯವರೆಗೆ ನಾನೇ ಮೂರನೆಯವನು ಎಂದು ನನ್ನ ನೆನಪು, ಆರನೆಯವನು ಎಂದು ನನ್ನ ತಮ್ಮನದು. ಗೆರೆ ಇನ್ನು ನಾಲ್ಕು ಮಾರು ಇದೆ ಎನ್ನುವಾಗ ಬಲಗಾಲನ್ನು ಜೋರಾಗಿ ಬೀಸಿದೆ, ಷೂ ಕಳಚಿ ಗಾಳಿಗೆ ಹಾರಿತು. ಹಾರುತ್ತ ಒಳಗಿನ ಕಾಗದದ ಉಂಡೆ ಒಂದು ಕಡೆ, ಷೂ ಒಂದು ಕಡೆ. ನನಗಿಂತ ಮೊದಲು ನನ್ನ ಷೂ ಗೆರೆ ದಾಟಿ, ಬಹುಮಾನದ ಲೋಟ ತಟ್ಟೆ ಜೋಡಿಸಿಟ್ಟಿದ್ದ ಮೇಜಿನ ಕೆಳಗೆ ಹೋಗಿ ಬಿತ್ತು. ಡ್ರಿಲ್ ಮೇಷ್ಟರು ಕಾಗದದ ಉಂಡೆಯನ್ನು ಎತ್ತಿಕೊಂಡು, ಬಿಡಿಸಿ, ಅಲ್ಲೇ ನಿಂತು ಸ್ವಲ್ಪ ಹೊತ್ತು ಓದಿದರು.

ಅಂದೇ ತೀರ್ಮಾನ ಮಾಡಿದೆ. ನಾನು ದುಡಿಯುವ ಕಾಲಕ್ಕೆ, ನನ್ನ ಷೂನಲ್ಲಿ ನನ್ನ ಕಾಲಿಗೆ ಬಿಟ್ಟು ಇನ್ಯಾವುದಕ್ಕೂ ಜಾಗವಿರಬಾರದು. ಮೂವತ್ತು ವರ್ಷ ಆ ಮಾತಿಗೆ ತಪ್ಪಲಿಲ್ಲ. ಕಿರುಬೆರಳಿನ ಪಕ್ಕದಲ್ಲಿ ಒಂದು ಆಣಿ ಎದ್ದಿತು. ಅದನ್ನೂ ಸಂಸಾರದೊಳಗೆ ಸೇರಿಸಿಕೊಂಡೆ.

ಹೀಗೆ ಗಿಳಿ ಹಸಿರು ತೊಟ್ಟು ಕುಕ್ಕರಹಳ್ಳಿ ಕೆರೆಗೆ ಹೊರಟೆ. ಕುವೆಂಪು ಅವರು ವಾಯುವಿಹಾರ ಮಾಡುತ್ತಿದ್ದ ಕೆರೆ ಅದು. ಅಲ್ಲಿ ಏದುಸಿರು ಬಿಡುತ್ತ ಹೋಗುವುದಕ್ಕೆ ಮೈಸೂರಿನವರಿಗೆ ಒಳಗೊಳಗೇ ಒಂದು ಅಳುಕು ಇದ್ದೇ ಇರುತ್ತದೆ. ಏರಿಯ ಮೇಲೆ ಮಣ್ಣಿನ ದಾರಿ, ಬೆಳಗಿನ ಮಂಜು, ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು. ಅವು ನೀರಿಗಿಳಿಯುವುದನ್ನು ನೋಡಬೇಕು, ಅಷ್ಟು ದಪ್ಪ ಮೈ, ಅಷ್ಟು ದೊಡ್ಡ ಕೊಕ್ಕಿನ ಚೀಲ, ಆದರೂ ಒಂದು ಚೂರೂ ಗಡಿಬಿಡಿಯಿಲ್ಲ. ನಾನು ಮಾತ್ರ ಮೊದಲ ದಿನ ಎರಡು ಲೈಟ್ ಕಂಬ ಓಡಿದೆ, ನಾಲ್ಕು ಕಂಬ ನಡೆದೆ. ಮೂರನೆಯ ದಿನ ಹಿಮ್ಮಡಿಯಲ್ಲಿ ಬೊಬ್ಬೆ. ಹೊಸ ಚಪ್ಪಲಿ ಕಚ್ಚಿದರೆ ಹರಳೆಣ್ಣೆ ಹಚ್ಚುತ್ತಿದ್ದ ಕಾಲ ನೆನಪಾಗಿ, ಈ ಷೂಗೂ ಒಳಗೆ ಎಣ್ಣೆ ಸವರಿದೆ. ಅದು ಚರ್ಮವಲ್ಲ, ಜಾಳಿಗೆಯಂಥ ನೂಲಿನ ಬಟ್ಟೆ. ಎಣ್ಣೆ ಹೊರಗೆ ಬಂದು, ಏರಿಯ ಮಣ್ಣು ಮೆತ್ತಿ, ಗಿಳಿ ಹಸಿರು ಹೋಗಿ ಹಳೆಯ ಹುಣಸೆಹಣ್ಣಿನ ಬಣ್ಣ ಬಂತು. ಹನ್ನೊಂದನೆಯ ದಿನ ಉಗುರು ಕಪ್ಪಾಯಿತು.

“ಈ ಷೂ ಎಲ್ಲ ಬಿಡಿ, ಸುಮ್ಮನೆ ನಡೀರಿ” ಎಂದಳು ನನ್ನವಳು. ಸೋಲು ಒಪ್ಪಿಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ಷೂ ಬಿಟ್ಟರೂ ಓಟ ಬಿಡಬೇಕಿಲ್ಲವಲ್ಲ ಎಂದು ಇತಿಹಾಸ ತೆಗೆದೆ. “ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಡೀ ಮ್ಯಾರಥಾನ್ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ, ಗೊತ್ತಾ? ಕೊಟ್ಟ ಷೂ ಕಾಲಿಗೆ ಹಿಡಿಸಲಿಲ್ಲ ಅಂತ ಬಿಸಾಡಿ ಓಡಿದ. ಅಲ್ಲಿಯವರೆಗೆ ಯಾಕೆ, ನಮ್ಮ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡ, 2020ರಲ್ಲಿ ಐಕಳದ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಲಿಲ್ಲವೇ? ಕೆಸರು ಗದ್ದೆ, ಬರಿಗಾಲು!”

ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಅವರ ಮುಂದೆ ಕೋಣ ಇತ್ತು ರೀ. ನಿಮ್ಮ ಮುಂದೆ ಏನಿದೆ?”

ಬಿಕಿಲನ ಬಗ್ಗೆ ನಾನು ಪೂರ್ತಿ ಹೇಳಿರಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ನಾಲ್ಕು ವರ್ಷ ಬಿಟ್ಟು, 1964ರಲ್ಲಿ ಟೋಕಿಯೊದಲ್ಲಿ ಆತ ಷೂ ಹಾಕಿಕೊಂಡೇ ಓಡಿದ, ಮತ್ತೆ ಗೆದ್ದ. ಅದೂ ಅಪೆಂಡಿಕ್ಸ್ ಆಪರೇಷನ್ ಆಗಿ ಎರಡು ತಿಂಗಳೂ ಆಗಿರಲಿಲ್ಲ. ಕಾಲು ಗಟ್ಟಿಯಿದ್ದವನಿಗೆ ಷೂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಾನು ಮರುದಿನ ಬೆಳಗ್ಗೆ ಬರಿಗಾಲಲ್ಲಿ ಏರಿಯ ಮೇಲೆ ಹತ್ತು ಹೆಜ್ಜೆ ಇಟ್ಟು, ಹನ್ನೊಂದನೆಯದರಲ್ಲಿ ಜಾಲಿಮುಳ್ಳು ತುಳಿದೆ.

ಕಾಲಿಗೆ ಹಾಕುವ ವಸ್ತುವಿಗೆ ನಮ್ಮಲ್ಲಿ ಎಷ್ಟೊಂದು ಹೆಸರು! ಎಕ್ಕಡ, ಮೆಟ್ಟು, ಕೆರ, ಜೋಡು, ಹಾವುಗೆ, ಪಾದರಕ್ಷೆ. ಅದರಲ್ಲಿ ಮೊದಲ ಮೂರು ಬೈಗುಳದಲ್ಲೇ ಹೆಚ್ಚು ಸವೆದಿವೆ. “ಎಕ್ಕಡ ತಗೊಂಡು ಹೊಡೀತೀನಿ” ಎಂದರೆ ಒಂದು ತೂಕ. ಅದೇ ಜಾಗದಲ್ಲಿ ರನ್ನಿಂಗ್ ಷೂ ಎಂದು ಹೇಳಿ ನೋಡಿ, ಮಗುವೂ ಹೆದರುವುದಿಲ್ಲ. ತೂಕವೇ ಇಲ್ಲ ಅದಕ್ಕೆ. ಬೆಲೆ ಕೇಳಿದವರು ಹೊಡೆಯಲೂ ಒಪ್ಪುವುದಿಲ್ಲ. ದೇವಸ್ಥಾನಕ್ಕೆ ಹೋಗುವಾಗ ಇದರ ಕಷ್ಟ ಬೇರೆ. ಒಂದನ್ನು ಅರಳಿಕಟ್ಟೆಯ ಕೆಳಗೂ ಇನ್ನೊಂದನ್ನು ಕಾಯಿ ಅಂಗಡಿಯ ಹಿಂದೆಯೂ ಬಿಡುವ ಹಳೆಯ ಉಪಾಯ ನನಗೂ ಗೊತ್ತು. ಒಮ್ಮೆ ಹಾಗೆ ಬಿಟ್ಟು, ಎಡಗಾಲಿನದನ್ನು ಎಲ್ಲಿ ಬಿಟ್ಟೆನೆಂದು ನಾನೇ ಮರೆತು ಅರ್ಧ ಗಂಟೆ ಹುಡುಕಿದ್ದೇನೆ. ಹವಾಯಿ ಚಪ್ಪಲಿ ಹೋದರೆ ಶನಿ ಕಳೆಯಿತು ಅನ್ನಬಹುದು. ಆರು ಸಾವಿರದ ಶನಿ ನನಗೆ ಹಿಡಿದಿಲ್ಲ.

ಆರು ಸಾವಿರ ಎಂದು ಬಾಯಿ ತಪ್ಪಿ ಬರೆದೆ. ಇದು ಎರಡನೆಯ ಜೊತೆಯ ಬೆಲೆ. ನಮ್ಮ ಮನೆಯವರೂ ಈ ಪತ್ರಿಕೆ ಓದುತ್ತಾರೆ. ಓದುಗರು ದಯವಿಟ್ಟು ಇದನ್ನು ಮೂರು ಸಾವಿರ ಎಂದು ತಿದ್ದಿಕೊಂಡು ಓದಬೇಕು.

ಎರಡನೆಯ ಜೊತೆ ಕೊಡಿಸಲು ಕರೆದುಕೊಂಡು ಹೋದವಳು ಮಗಳು. ಬೆಂಗಳೂರಿನಲ್ಲಿ ಕೆಲಸ. ಅಲ್ಲಿಯ ಹತ್ತು ಕಿಲೋಮೀಟರ್ ಓಟದಲ್ಲಿ ಎರಡು ಸಲ ಓಡಿ, ಎರಡೂ ಪದಕವನ್ನು ದೇವರ ಮನೆಯ ಮೊಳೆಗೆ ನೇತುಹಾಕಿದ್ದಾಳೆ. ನನ್ನ ಉಗುರಿನ ಫೋಟೊ ಅವಳಿಗೆ ಕಳಿಸಿದ್ದು ಅವಳಮ್ಮ. ಫೋನಿನಲ್ಲೇ ವಿಚಾರಣೆ ಶುರುವಾಯಿತು. “ಅಪ್ಪ, ಬೆಳಗ್ಗೆ ಹಾಕಿ ನೋಡಿದ್ರಾ ಸಂಜೇನಾ?” “ಬೆಳಗ್ಗೆ.” “ಸಾಕ್ಸ್ ಹಾಕಿದ್ರಾ?” “ಇಲ್ಲ.” “ಪಾದ ನೆನೆಸಿ ಅಚ್ಚು ನೋಡಿದ್ರಾ?” ಅದೇನೆಂದು ಕೇಳಿದೆ. ಕಾಲು ಒದ್ದೆ ಮಾಡಿ ನೆಲದ ಮೇಲೆ ನಿಲ್ಲಬೇಕಂತೆ, ಮೂಡಿದ ಗುರುತಿನಲ್ಲಿ ಅಂಗಾಲಿನ ತಗ್ಗು ಎಷ್ಟೆಂದು ಕಾಣುತ್ತದಂತೆ.

ನೀರುಗಾಲಲ್ಲಿ ಒಳಗೆ ಬಂದರೆ ಏಟು ಬೀಳುತ್ತಿದ್ದ ಮನೆಯಲ್ಲಿ ಬೆಳೆದವನು ನಾನು. ಬಚ್ಚಲಿನಿಂದ ಬಂದು ಕೆಂಪು ಗಾರೆಯ ನೆಲದ ಮೇಲೆ ಬೇಕೆಂದೇ ಹೆಜ್ಜೆಯಿಟ್ಟಾಗ ಏನೋ ಕದ್ದ ಖುಷಿಯಾಯಿತು. ತಿರುಗಿ ನೋಡಿದೆ. ಗೋಕುಲಾಷ್ಟಮಿಯಂದು ಅಮ್ಮ ಮುಷ್ಟಿ ಕಟ್ಟಿ, ಅದರ ಬದಿಯನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ, ಹೊಸಿಲಿನಿಂದ ದೇವರ ಮನೆಯವರೆಗೆ ಕೃಷ್ಣನ ಪಾದ ಮೂಡಿಸುತ್ತಿದ್ದರು. ನಡು ಸಣ್ಣಗೆ ಬಳುಕಿ, ಮೇಲೆ ಬೆರಳ ತುದಿಯಿಂದ ಇಟ್ಟ ಐದು ಬೊಟ್ಟು. ಪಾದವೆಂದರೆ ಹಾಗಿರುತ್ತದೆ ಎಂದೇ ನಾನು ನಂಬಿದ್ದೆ. ನನ್ನ ಪಾದದ ಗುರುತಿಗೆ ನಡುವೇ ಇರಲಿಲ್ಲ. ಹಲಗೆ. ಮುಂದೆ ಅಗಲ, ಹಿಂದೆ ಸ್ವಲ್ಪ ಕಡಿಮೆ ಅಗಲ, ಅಷ್ಟೆ. ಒಣಗುವ ಮುನ್ನ ಫೋಟೊ ತೆಗೆದು ಮಗಳಿಗೆ ಕಳಿಸಿದೆ. ಅವಳು ನಗುವ ಮುಖ ಕಳಿಸಿದಳು. ಹಿಂದೆಯೇ ಒಂದು ಸಮಾಧಾನವನ್ನೂ ಬರೆದಳು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದ ಅಳೆದು ನೋಡಿದ್ದಾರೆ, ಯೂರೋಪು ಅಮೆರಿಕದವರಿಗಿಂತ ನಮ್ಮದು ಅಗಲವೇ ಅಂತೆ, ನಮಗೇ ಬೇರೆ ಅಳತೆ ಬೇಕೆಂದು ‘ಭ’ ಎಂಬ ಹೆಸರಿಟ್ಟು ತಯಾರಿಸಿದ್ದಾರಂತೆ. ಭ ಎಂದರೆ ಭಾರತ. ನನ್ನ ಕಿರುಬೆರಳಿನ ಆಣಿಗೆ ಇಷ್ಟು ದೊಡ್ಡ ಹಿನ್ನೆಲೆಯಿದೆ ಎಂದು ತಿಳಿದು, ಅದನ್ನು ಸ್ವಲ್ಪ ಗೌರವದಿಂದಲೇ ಸವರಿದೆ.

ಅಂಗಡಿಗೆ ಹೋದದ್ದು ಸಂಜೆ ಆರಕ್ಕೆ. ದಿನವಿಡೀ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ, ಆದ್ದರಿಂದ ಸಂಜೆಯೇ ಸರಿ ಎಂದು ಮಗಳ ಕಟ್ಟಪ್ಪಣೆ. ಇಪ್ಪತ್ತೆರಡರ ಒಬ್ಬ ಹುಡುಗ ಬಂದು ನನ್ನ ಮುಂದೆ ಮಂಡಿಯೂರಿ ಕೂತ. ಇದೊಂದು ನನಗೆ ಎಂದೂ ಅಭ್ಯಾಸವಾಗಿಲ್ಲ. ಬೇರೊಬ್ಬರು ಕಾಲು ಮುಟ್ಟಿದರೆ ಎಲ್ಲಿ ನೋಡುವುದೆಂದು ತಿಳಿಯುವುದಿಲ್ಲ. ಚಿಕ್ಕಂದಿನಲ್ಲಿ ಕೇಳಿದ ಹರಳಯ್ಯನ ಕಥೆ ಅಲ್ಲಿ ಕೂತಿದ್ದಾಗ ನೆನಪಾಯಿತು. ಹರಳಯ್ಯ ಶರಣು ಎಂದದ್ದಕ್ಕೆ ಬಸವಣ್ಣ ಶರಣು ಶರಣಾರ್ಥಿ ಎಂದರು. ಒಂದು ಶರಣು ಹೆಚ್ಚಾಯಿತು, ಆ ಸಾಲ ತೀರಿಸಬೇಕೆಂದು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಹೊಲಿದರು. ಬಸವಣ್ಣ ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡರು. ಆ ಕಥೆ ಹೇಳುವಾಗ ಅಜ್ಜಿಯ ದನಿ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಅಳತೆ ತಪ್ಪಿತೋ ಸರಿಯಿತ್ತೋ ಎಂದು ಯಾರೂ ಕೇಳದ ಒಂದೇ ಜೋಡು ಅದು.

ಹುಡುಗ ಅಳೆದ. “ಸಾರ್, ನಿಮ್ ಎಡಗಾಲು ಬಲಗಾಲಿಗಿಂತ ಒಂಚೂರು ದೊಡ್ದು. ತುಂಬಾ ಜನಕ್ಕೆ ಹಾಗೇ ಇರತ್ತೆ. ದೊಡ್ಡ ಕಾಲು ನೋಡಿ ತಗೋಬೇಕು.” ನೀರಿನ ಗುರುತಿನ ಫೋಟೊ ತೋರಿಸಿದೆ. ಅವನು ಮರ್ಯಾದೆಗೆ ನೋಡಿ, “ಅದಿರ್ಲಿ ಸಾರ್, ಹಾಕ್ಕೊಂಡು ಹಿತ ಅನ್ಸತ್ತಾ ನೋಡಿ, ಅದೇ ಮುಖ್ಯ” ಎಂದ. ಕೊನೆಯ ತೂತಿಗೂ ದಾರ ಏರಿಸಿ, ಹಿಮ್ಮಡಿ ಜಾರದ ಹಾಗೆ ಕಟ್ಟಿದ. ಆಮೇಲೆ ಬಗ್ಗಿ, ಷೂನ ಮೂತಿಯ ಮೇಲೆ ಹೆಬ್ಬೆಟ್ಟು ಇಟ್ಟು ಒತ್ತಿದ.

“ಇಲ್ಲ ಸಾರ್. ಮುಂದೆ ಹೆಬ್ಬೆಟ್ಟಿನಷ್ಟು ಜಾಗ ಬೇಕು. ಒಂದು ನಂಬರ್ ಮೇಲಕ್ಕೆ ತರ್ತೀನಿ.”

ಮಗಳು, “ಯಾಕಪ್ಪ ಹಾಗೆ ನಗ್ತಿದೀರಾ?” ಎಂದಳು. ಏನಿಲ್ಲ ಎಂದೆ.

ಎಂಟಕ್ಕೂ ಒಂಬತ್ತಕ್ಕೂ ಎಷ್ಟು ವ್ಯತ್ಯಾಸ? ಮನೆಗೆ ಬಂದು ಹುಡುಕಿದೆ. ನಮ್ಮ ಷೂಗಳ ಮೇಲಿರುವ ಇಂಗ್ಲಿಷ್ ನಂಬರಿನ ಲೆಕ್ಕ ಹುಟ್ಟಿದ್ದು ಬಾರ್ಲಿ ಕಾಳಿನಿಂದ. ಒಂದು ಕಾಳಿನ ಉದ್ದ ಇಂಚಿನ ಮೂರನೆಯ ಒಂದು ಭಾಗ, ಅದೇ ಒಂದು ನಂಬರು. ನಮ್ಮವರೂ ಅದೇ ಕಾಳನ್ನು ಹಿಡಿದಿದ್ದರು, ಅಡ್ಡಲಾಗಿ. ಎಂಟು ಯವ ಒಂದು ಅಂಗುಲ ಎಂದು ಅರ್ಥಶಾಸ್ತ್ರದಲ್ಲೇ ಇದೆ. ಅಡುಗೆಮನೆಯ ಡಬ್ಬಿಯಿಂದ, ಅಪ್ಪನ ಗಂಜಿಗೆಂದು ಇಟ್ಟ ಬಾರ್ಲಿಯ ಒಂದು ಕಾಳು ತೆಗೆದು ಉಗುರಿನ ಪಕ್ಕ ಇಟ್ಟು ನೋಡಿದೆ. ಹೊಟ್ಟು ತೆಗೆದದ್ದು, ಇನ್ನೂ ಗಿಡ್ಡ. ಇಷ್ಟಕ್ಕೆ ಮೂವತ್ತು ವರ್ಷ ಹಟ ಹಿಡಿದಿದ್ದೆ. ಅದೇ ಗಳಿಗೆಯಲ್ಲಿ ಹೊಸ ಷೂನ ತಳ ತಿರುಗಿಸಿ, ಅದರ ಗುಂಡಿಗಳನ್ನು ನನ್ನವಳಿಗೆ ತೋರಿಸಿ, ಅಮೆರಿಕದ ಓಟದ ಕೋಚ್ ಬಿಲ್ ಬೋವರ್‌ಮನ್ 1970ರ ದಶಕದ ಮೊದಲಲ್ಲಿ ಹೆಂಡತಿಯ ವಾಫಲ್ ಕಾವಲಿಗೆ ಯುರೆಥೇನ್ ಹುಯ್ದು ಇಂಥ ತಳ ಮಾಡಲು ಹೊರಟದ್ದು, ಮೊದಲ ಸಲ ಕಾವಲಿಯೇ ಅಂಟಿಕೊಂಡು ಹಾಳಾದದ್ದು, ಮುಂದೆ ಅದೇ ಉಪಾಯದಿಂದ ನೈಕಿ ಕಂಪನಿ ಬೆಳೆದದ್ದು, ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಪಡ್ಡಿನ ಕಾವಲಿಯನ್ನು ಅಟ್ಟದ ಮೇಲಿನ ಗೂಡಿಗೆ ಸಾಗಿಸಿದಳು.

ಅಪ್ಪ ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಎಂಬತ್ತಾರು. ಜಗುಲಿಯ ಕುರ್ಚಿಯಿಂದ, “ಏನೋ ಅದು ಪೆಟ್ಟಿಗೆ?” ಎಂದರು. ಷೂ ಎಂದೆ. “ಹಾಕು, ನೋಡೋಣ” ಎಂದರು. ಹಾಕಿಕೊಂಡು ಅವರ ಮುಂದೆ ನಿಂತೆ. ಬಗ್ಗಲು ಅವರಿಗೆ ಈಗ ಆಗುವುದಿಲ್ಲ. ಊರುಗೋಲನ್ನು ಮುಂದಕ್ಕೆ ಚಾಚಿ, ಅದರ ರಬ್ಬರಿನ ತುದಿಯನ್ನು ಷೂನ ಮೂತಿಯ ಮೇಲಿಟ್ಟು ಮೆಲ್ಲಗೆ ಅದುಮಿದರು. ತಗ್ಗಿಗೆ ಇಳಿಯಿತು.

“ಜಾಗ ಇದೆ” ಎಂದರು. “ಎಷ್ಟು ವರ್ಷ ಬರುತ್ತಂತೆ?”

“ಐನೂರು ಕಿಲೋಮೀಟರ್ ಓಡಬಹುದಂತೆ ಅಪ್ಪ.”

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಹಾಗಾದರೆ ಬೇಕಾದಷ್ಟು ವರ್ಷ ಬರುತ್ತೆ ಬಿಡು” ಎಂದು ಪೇಪರ್ ಎತ್ತಿಕೊಂಡರು.

ಹೊಸ ಷೂನಲ್ಲಿ ಈಗ ವಾರಕ್ಕೆ ಮೂರು ದಿನ ಓಡುತ್ತಿದ್ದೇನೆ, ಒಂದು ದಿನಕ್ಕೆ ಎರಡು ಕಿಲೋಮೀಟರ್. ಕಪ್ಪು ಉಗುರಿನ ಬುಡದಲ್ಲಿ ಬಿಳಿಯ ಸಣ್ಣ ಗೆರೆಯೊಂದು ಬಂದಿದೆ. ಹನ್ನೊಂದು ದಿನ ಮಾತ್ರ ಓಡಿದ, ಎಂಟನೆಯ ನಂಬರಿನ, ಒಮ್ಮೆ ಗಿಳಿ ಹಸಿರಾಗಿದ್ದ ಒಂದು ಜೊತೆ ಷೂ ನಮ್ಮ ಮನೆಯಲ್ಲಿದೆ. ನಿಮ್ಮ ಕಾಲು ಏಳನೆಯ ನಂಬರಿನದಾದರೆ ಬನ್ನಿ. ಸಂಜೆ ಆರರ ಮೇಲೆ ಬಂದರೆ ಒಳ್ಳೆಯದು, ಸಾಕ್ಸ್ ತನ್ನಿ. ಒತ್ತಿ ನೋಡಲು ಅಪ್ಪ ಜಗುಲಿಯಲ್ಲೇ ಇರುತ್ತಾರೆ.